ಮುಖವಿಲ್ಲದ ಶುಭಾಶಯ

ಜುಲೈ 29, ಮಂಗಳವಾರ, ನಾಗರ ಪಂಚಮಿ. ಸಂಜೆ 5 ಗಂಟೆ 35 ನಿಮಿಷಕ್ಕೆ ಕೊಣ್ಣೂರಿನ ಗ್ರಾಮ ಆಡಳಿತಾಧಿಕಾರಿ ಯಾಸ್ಮಿನ ಅವರು ನರಗುಂದ ಠಾಣೆಗೆ ಬಂದರು. ಅವರ ಚಪ್ಪಲಿಗೆ ಹೊಳೆದಂಡೆಯ ಕರಿಮಣ್ಣು ಮೆತ್ತಿಕೊಂಡಿತ್ತು. ಇನ್‌ಸ್ಪೆಕ್ಟರ್ ದೇವಿಕಾ ಹಂಚಿನಾಳ ಅವರು ತಮ್ಮ ಅಣ್ಣ ಕಳಿಸಿದ್ದ ಉಂಡಿಯ ಡಬ್ಬಿಯನ್ನು ಆಗಷ್ಟೇ ತೆರೆದಿದ್ದರು. ಹಬ್ಬಕ್ಕೆ ತವರಿಗೆ ಹೋಗಲು ರಜೆ ಸಿಕ್ಕಿರಲಿಲ್ಲ. ಡಬ್ಬಿ ಮುಚ್ಚಿ, ಕುರ್ಚಿ ತೋರಿಸಿದರು.

"ಮೇಡಮ್, ನೀರ ಬರದನ ಸೈರನ್ ಕೂಗೇತ್ರಿ," ಎಂದರು ಯಾಸ್ಮಿನ.

ಫಿರ್ಯಾದಿಯ ಸಾರಾಂಶ ಹೀಗಿತ್ತು. ಕೊಣ್ಣೂರಿನ ಸೇತುವೆ ಹತ್ತಿರ, ಬಸ್ ನಿಲ್ದಾಣದ ಎದುರು, ಎರಡು ವರ್ಷದ ಹಿಂದೆ ದೊಡ್ಡದೊಂದು ಡಿಜಿಟಲ್ ಪರದೆ ನಿಲ್ಲಿಸಿದ್ದಾರೆ. ಅದರಲ್ಲಿ ಜಾಹೀರಾತು, ಸರ್ಕಾರದ ಪ್ರಕಟಣೆ, ಹಬ್ಬದ ಶುಭಾಶಯ ಓಡುತ್ತಿರುತ್ತವೆ. ಅಣೆಕಟ್ಟಿನಿಂದ ಮಲಪ್ರಭೆಗೆ ನೀರು ಬಿಡುವಾಗ ನೆರೆ ಎಚ್ಚರಿಕೆಯ ಚಿತ್ರವೂ ಅದರಲ್ಲೇ ಬರಬೇಕು. ಆ ಚಿತ್ರ ಪರದೆಗೆ ಬಂದ ಕ್ಷಣಕ್ಕೆ ಹೊಳೆದಂಡೆಗಿರುವ ಹೊಳಿ ಓಣಿಯ ಕಂಬದ ಮೇಲಿನ ಸೈರನ್ ತಾನಾಗಿ ಕೂಗುತ್ತದೆ, ಸೇತುವೆಯ ಗೇಟು ತಾನಾಗಿ ಇಳಿಯುತ್ತದೆ. ಈ ದಿನ ಮಧ್ಯಾಹ್ನ 4 ಗಂಟೆ 10 ನಿಮಿಷಕ್ಕೆ ಎರಡೂ ಆದವು. ಹೊಳೆಯಲ್ಲಿ ಮಾತ್ರ ಮೊಣಕಾಲುದ್ದ ನೀರಿತ್ತು. ಜೋಕಾಲಿ ಆಡುತ್ತಿದ್ದ ಹೆಣ್ಣುಮಕ್ಕಳು, ಮುದುಕರು, ಎಮ್ಮೆ, ಆಡು ಎಲ್ಲ ಶಾಲೆಯಿರುವ ಎತ್ತರದ ಸಾಲಿ ದಿಬ್ಬಕ್ಕೆ ಓಡಿದರು. ದ್ಯಾಮಪ್ಪ ಎಂಬ ಎಪ್ಪತ್ತೆರಡು ವರ್ಷದ ಹಿರಿಯರು ಬಿದ್ದು ತೊಡೆಯ ಎಲುಬು ಮುರಿದುಕೊಂಡರು. ಸೇತುವೆಯ ಎರಡೂ ಕಡೆ ಐವತ್ತು ನಿಮಿಷ ವಾಹನ ನಿಂತವು.

"ಅಣೆಕಟ್ಟಿನ ಎಂಜಿನಿಯರ್ ಪತ್ರ ನಿನ್ನೆ ಬಂದೈತ್ರಿ," ಯಾಸ್ಮಿನ ದನಿ ಇಳಿಸಿದರು. "ಮೂರ್ನಾಕ ದಿನದಾಗ ಖರೇನ ನೀರು ಬಿಡವ್ರದಾರ. ಇವತ್ತ ಓಡಿ ಮೋಸ ಹ್ವಾದವ್ರು ಆವತ್ತ ಓಡತಾರೇನ್ರಿ?"

ಪ್ರಶ್ನೆ ಸರಿಯಾಗಿತ್ತು. ಹೊಳಿ ಓಣಿಯಲ್ಲಿ ನಲವತ್ತೆರಡು ಮನೆ. ಆರೋಪಿ ಸಿಗದಿದ್ದರೆ ಕೇಸು ಬಾಕಿ ಉಳಿದೀತು, ಅಷ್ಟೇ. ಆದರೆ ಸೈರನ್ನಿನ ಮೇಲಿನ ನಂಬಿಕೆ ಹೋದರೆ ಆ ಓಣಿಯೇ ಉಳಿಯುವುದಿಲ್ಲ. ದೇವಿಕಾ ವಿಪತ್ತು ನಿರ್ವಹಣಾ ಕಾಯ್ದೆಯ ಕಲಂ 54, ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66 ಹಚ್ಚಿ ಗುನ್ನಾ ನಂಬರ್ 96 ದಾಖಲಿಸಿದರು. ಎಫ್‌ಐಆರ್ ಹೊರಬಿದ್ದಾಗ ಸಮಯ 6:20.

ಜುಲೈ 30, ಬುಧವಾರ, ಬೆಳಿಗ್ಗೆ 9:15. ಸ್ಥಳ ಪಂಚನಾಮೆಗೆ ದೇವಿಕಾ ಕೊಣ್ಣೂರಿಗೆ ಹೋದರು. ಜೊತೆಗೆ ಹವಾಲ್ದಾರ ಸುಭಾನಸಾಬ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಅವರು ಎಷ್ಟು ಪಂಚನಾಮೆ ಬರೆದಿದ್ದರೋ ಅವರಿಗೂ ಲೆಕ್ಕವಿಲ್ಲ. ಅಕ್ಷರ ದುಂಡಗೆ, ಮಾತು ಚೂಪು. ಇಬ್ಬರೂ ಈ ಠಾಣೆಗೆ ಹೊಸಬರು. ದೇವಿಕಾ ಬಂದು ಐದು ತಿಂಗಳು, ಸುಭಾನಸಾಬ ಬಂದು ಮೂರು. ಯಾಸ್ಮಿನ ಕೂಡ ಕೊಣ್ಣೂರಿಗೆ ಈ ವರ್ಷವೇ ಬಂದವರು.

ಪರದೆಯ ಗುತ್ತಿಗೆ ಹಿಡಿದಿದ್ದ ಏಜೆನ್ಸಿಯ ಪರವಾಗಿ ಗುರುಪಾದ ಎಂಬ ಆಪರೇಟರ್ ಕಾದು ನಿಂತಿದ್ದ. ನರಗುಂದದ ಕಚೇರಿಯಲ್ಲಿ ಕುಳಿತು ಯಾವ ಹೊತ್ತಿಗೆ ಯಾವ ಚಿತ್ರ ಎಂದು ಜೋಡಿಸುವವನು ಅವನೇ. ಪರದೆಯ ಬೆನ್ನಿಗಿದ್ದ ಕಬ್ಬಿಣದ ಪೆಟ್ಟಿಗೆಯನ್ನು ಪಂಚರ ಎದುರು ತೆರೆದು ತೋರಿಸಿದ.

"4:10ಕ್ಕ ಪರದಿ ಮ್ಯಾಲ ಏನಿತ್ತು? ನೆರಿ ಚಿತ್ರನ?" ದೇವಿಕಾ ಕೇಳಿದರು.

"ಅಲ್ರಿ. ಒಂದು ಶುಭಾಶಯ ಇತ್ತ್ರಿ."

"ಶುಭಾಶಯಕ್ಕ ಸೈರನ್ ಹ್ಯಾಂಗ ಕೂಗತೈತಿ?"

"ಪೆಟಗಿಗೆ ಚಿತ್ರ ಕಾಣೂದಿಲ್ರಿ, ಫೈಲಿನ ಹೆಸರು ಅಷ್ಟ ಗೊತ್ತು. ಹೆಸರಿನ ಕಡೀಕ ಒಂದು ಗುರುತಿನ ಪದ ಇದ್ರ ಅದು ನೆರಿ ಫೈಲ್ ಅಂತ ತಿಳೀತೈತಿ, ಸೈರನ್ನಿಗೆ ಹೇಳಿ ಕಳಸತೈತಿ. ಈ ಶುಭಾಶಯದ ಹೆಸರಿಗೆ ಯಾರೋ ಆ ಪದ ಹಚ್ಯಾರ."

"ನೀ ನೋಡಲಿಲ್ಲ?"

"ನನ್ನ ಕಂಪ್ಯೂಟರಿನ್ಯಾಗ ಹೆಸರಿನ ಮೊದಲಿನ ಹತ್ತ ಅಕ್ಷರ ಕಾಣತಾವ್ರಿ. ಪಂಚಮಿಗಿ ನಲವತ್ತಾರು ಶುಭಾಶಯ ಬಂದಿದ್ವು," ಎಂದು ಗುರುಪಾದ ಹಣೆ ಒರೆಸಿಕೊಂಡ.

ಆ ಶುಭಾಶಯವನ್ನು ಸಣ್ಣ ಪರದೆಯಲ್ಲಿ ಓಡಿಸಿ ತೋರಿಸಲಾಯಿತು. ಹತ್ತು ಸೆಕೆಂಡಿನದು. ಬೇವಿನ ಟೊಂಗೆಗೆ ಕಟ್ಟಿದ ಖಾಲಿ ಜೋಕಾಲಿ ಹಿಂದೆ ಮುಂದೆ ತೂಗುತ್ತದೆ. ಕೆಳಗೆ ಎರಡು ಸಾಲು: ನಾಗರ ಪಂಚಮಿ ಹಬ್ಬದ ಶುಭಾಶಯಗಳು. ಕೋರುವವರು: ತವರುಮನೆಯವರು.

ಸುಭಾನಸಾಬ ಪೆನ್ನಿನ ಮುಚ್ಚಳ ಹಾಕಿದರು. "ಮೇಡಮ್, ಮಾರಿ ಇಲ್ಲದ ಶುಭಾಶಯ ನಾ ನನ್ನ ಜನ್ಮದಾಗ ನೋಡಿಲ್ರಿ."

ಮಾತು ಖರೆ. ಈ ಸೀಮೆಯಲ್ಲಿ ಶುಭ ಕೋರುವವರ ಮುಖ ದೊಡ್ಡದು. ಮುಖಂಡರದು ನಡುವೆ, ಅವರ ಗೆಳೆಯರ ಬಳಗ ಸುತ್ತಲೂ ಬೊಟ್ಟಿನಷ್ಟು ಬೊಟ್ಟಿನಷ್ಟು ಜಾಗದಲ್ಲಿ. ಹಬ್ಬದ ಯಜಮಾನನಾದ ನಾಗಪ್ಪ ಮೂಲೆಯಲ್ಲಿ ಹೆಡೆ ಎತ್ತಿಕೊಂಡು ಹೇಗೋ ಸಂಭಾಳಿಸಿಕೊಂಡಿರುತ್ತಾನೆ. ಮುಖ ತೋರಿಸದೆ ಶುಭ ಕೋರುವವನಿಗೆ ಬೇರೆ ಏನೋ ಬೇಕಾಗಿದೆ ಎಂದು ದೇವಿಕಾಗೂ ಅನಿಸಿತು.

"ಇದು ಎಷ್ಟ ಸಲ ಬರೂದಿತ್ತು?"

"ಒಂದ ಸಲ ರಿ. 4:10ಕ್ಕ ಸರಿಯಾಗಿ ಬರಬೇಕು, ಒಂದ ಸಲ ಸಾಕು ಅಂತ ಬರದಿದ್ರು. ಗಜೇಂದ್ರಗಡದ ಯಾವುದೋ ಅಂಗಡಿ ಕಂಪ್ಯೂಟರಿನಿಂದ ಮೇಲ್ ಬಂದಿತ್ತು, ಯಾವ ಅಂಗಡಿ ಅಂತ ತಿಳೀಲಿಲ್ಲ. ಹೆಸರಿನ ಜಾಗಾದಾಗ 'ತವರುಮನೆಯವರು' ಅಂತ ಅಷ್ಟ."

"ಗುರುತಿನ ಪದ ಯಾರ್ಯಾರಿಗೆ ಗೊತ್ತು?"

"ನನಗ. ಮತ್ತ ಪರದಿ, ಸೈರನ್ ಜೋಡಿಸಿದ ಮೂರು ಮಂದಿಗೆ." ಗುರುಪಾದ ಹೆಸರು ಬರೆಸಿದ. ಒಬ್ಬ ಈಗ ಗೋವಾದಲ್ಲಿ, ಒಬ್ಬ ವಿಜಯಪುರದಲ್ಲಿ. ಮೂರನೆಯವನು ಪ್ರಬುದ್ಧ, ಇದೇ ಊರಿನವನು, ಎಲ್ಲಿದ್ದಾನೋ ಗೊತ್ತಿಲ್ಲ, ಕೆಲಸ ಬಿಟ್ಟು ವರ್ಷವಾಯಿತು.

ಪಂಚರು ಸಹಿ ಮಾಡುವಾಗ ದೇವಿಕಾ ಸೈರನ್ ಕಂಬದವರೆಗೆ ನಡೆದು ಹೋದರು. ಕಂಬದ ಪಕ್ಕದ ಮನೆಯಲ್ಲಿ ನೀಲವ್ವ ಎಂಬ ಮುದುಕಿ ಬಿಳಿ ಕರುವೊಂದನ್ನು ತಲೆಬಾಗಿಲ ಗೂಟಕ್ಕೆ ಕಟ್ಟಿ ಹುಲ್ಲು ಹಾಕುತ್ತಿದ್ದಳು. ಮನೆಯ ಹಿಂದೆ ಹೊಸದಾಗಿ ಕಟ್ಟಿದ ಒಳ್ಳೆಯ ಕೊಟ್ಟಿಗೆಯಿತ್ತು.

"ಅಲ್ಲಿ ಕಟ್ಟಬಾರದೇನಬೇ? ಇಲ್ಲಿ ಅಡ್ಡ ಆಗತೈತಲ್ಲ?" ದೇವಿಕಾ ಕೇಳಿದರು.

"ಹಿಂದ ಕಟ್ಟಿದ್ರ ಬಿಚ್ಚಾಕ ಹೋಗಬೇಕಾಗತೈತ್ರಿ, ಬಾಯಾರ," ಎಂದಳು ನೀಲವ್ವ.

ಬಿಚ್ಚಲು ಯಾರು ಹೋಗಿದ್ದರು ಎಂದು ಆಗಲೇ ಕೇಳಬೇಕಿತ್ತು. ಅಷ್ಟರಲ್ಲಿ ಯಾಸ್ಮಿನ ಕರೆದರು, ದೇವಿಕಾ ಹೊರಟರು. ಕೇಳಿದ್ದರೆ ತನಿಖೆಯ ಒಂದು ದಿನ ಅಲ್ಲೇ ಉಳಿಯುತ್ತಿತ್ತು ಎಂದು ಆಮೇಲೆ ಅವರೇ ಕೇಸ್ ಡೈರಿಯಲ್ಲಿ ಬರೆದುಕೊಂಡರು.

ಠಾಣೆಗೆ ಮರಳಿ ಹೋದ ವರ್ಷದ ನೆರೆಯ ಕಡತ ತರಿಸಿದರು. ಆಗಸ್ಟ್ 9ರಂದು ಕೊಣ್ಣೂರಿನಲ್ಲಿ ಮೂವರು ಸತ್ತಿದ್ದರು. ಇಬ್ಬರು ಕೊಣ್ಣೂರಿನ ಗಂಡಸರು. ಮೂರನೆಯವಳು ಅನ್ನಪೂರ್ಣೇಶ್ವರಿ, ಗಂಡ ಗುರುಸಂಗಪ್ಪ, ವಯಸ್ಸು ಮೂವತ್ತೊಂದು, ವಾಸ ಇಟಗಿ, ತಾಲೂಕು ರೋಣ. ಪ್ರಬುದ್ಧನ ಮನೆತನದ ಹೆಸರು ಮೂವರಲ್ಲಿ ಯಾರಿಗೂ ಇರಲಿಲ್ಲ. ತಾರೀಖೂ ಕೂಡಲಿಲ್ಲ. ಸತ್ತವರ ನೆನಪಿಗೆ ಯಾರಾದರೂ ಹೀಗೆ ಮಾಡಿದ್ದರೆ ಆಗಸ್ಟ್ 9ಕ್ಕೆ ಮಾಡಬೇಕು, ಅದಕ್ಕೆ ಇನ್ನೂ ಹತ್ತು ದಿನವಿದೆ. ದೇವಿಕಾ ಕಡತ ಮುಚ್ಚಿ ಬದಿಗಿಟ್ಟರು.

ಸಂಜೆ 4:30ಕ್ಕೆ ಗಾಯಾಳುವಿನ ಹೇಳಿಕೆ ತೆಗೆದುಕೊಳ್ಳಲು ಇಬ್ಬರೂ ದವಾಖಾನೆಗೆ ಹೋದರು. ದ್ಯಾಮಪ್ಪನ ಕಾಲಿಗೆ ತೂಕ ಕಟ್ಟಿ ಎಳೆದು ಇಟ್ಟಿದ್ದರು. ಮುಖ ಮಾತ್ರ ಹಬ್ಬದ ಮುಖವೇ ಆಗಿತ್ತು.

"ಅಜ್ಜಾರ, ಯಾರ ಮ್ಯಾಲರೆ ಸಂಶಯ ಐತೇನ್ರಿ?" ಎಂದು ಕೇಳಿದರು ಸುಭಾನಸಾಬ.

"ಯಾರ ಮ್ಯಾಲ ಸಂಶಯ ಪಡ್ಲಿ? ಕೂಗಿತಲ್ಲ, ಅದ ದೊಡ್ಡದು."

"ಕಾಲ ಮುರದೈತಿ. ಸಿಟ್ಟಿಲ್ಲೇನು?"

"ಕಾಲ ಕೂಡತೈತಿ ಬಿಡ್ರಿ. ಹ್ವಾದ ಪಂಚಮಿಗಿ ಓಣಿ ತುಂಬ ನೀರಾದ ಮ್ಯಾಲ ಕೂಗಿತ್ತು. ಈ ಪಂಚಮಿಗಿ ನೀರಿಲ್ಲದನ ಕೂಗೇತಿ. ಎರಡರಾಗ ಇದ ಚಲೋ," ಎಂದು ಅಜ್ಜ ನಕ್ಕ.

ಸುಭಾನಸಾಬ ಬರೆಯುವುದನ್ನು ನಿಲ್ಲಿಸಿದರು. ದೇವಿಕಾ ಅವರ ಮುಖ ನೋಡಿದರು.

"ಹ್ವಾದ ವರ್ಷ ನೀರು ಬಂದದ್ದು ಪಂಚಮಿ ದಿನಾನ ಅಜ್ಜಾರ?"

"ಮತ್ತ? ಜೋಕಾಲಿ ಹಗ್ಗಾ ಹಿಡದ ಇಬ್ಬರು ಉಳದಾರ."

ಹೊರಗೆ ಬಂದು ಜೀಪಿನ ಹತ್ತಿರ ನಿಂತು ಸುಭಾನಸಾಬ ತಲೆ ಕೆರೆದುಕೊಂಡರು. "ನನಗರೆ ಹೊಳೀಬೇಕಿತ್ತ್ರಿ ಮೇಡಮ್. ನಮ್ಮ ಹಬ್ಬಾನೂ ಚಂದ್ರನ ಲೆಕ್ಕಾನ. ವರ್ಷಕ್ಕ ಹನ್ನೊಂದ ದಿನ ಹಿಂದ ಸರೀತೈತಿ."

ಆಗಸ್ಟ್ 9ರಿಂದ ಜುಲೈ 29ಕ್ಕೆ ಹನ್ನೊಂದೇ ದಿನ. ಸರ್ಕಾರದ ಕಡತಕ್ಕೆ ತಾರೀಖು ಗೊತ್ತು, ಹೊಳಿ ಓಣಿಗೆ ಹಬ್ಬ ಗೊತ್ತು. ಕಡತ ಓದುವ ಭರದಲ್ಲಿ ತಾನೂ ಹಬ್ಬ ಮಾಡುವ ಮನೆಯವಳು ಎಂಬುದನ್ನು ದೇವಿಕಾ ಮರೆತಿದ್ದರು. ನಾಚಿಕೆಯಾಯಿತು. ಅದರ ಬೆನ್ನಿಗೇ ಇನ್ನೊಂದು ವಿಷಯ ತಲೆಗೆ ಬಂತು.

"ಸುಭಾನಸಾಬ್ರ, ಇಟಗಿಯಾಕಿ ಆ ದಿನ ಕೊಣ್ಣೂರಾಗ ಯಾಕಿದ್ಲು?"

ಕೇಳುವಾಗಲೇ ಉತ್ತರ ಹೊಳೆದಿತ್ತು. ಮದುವೆಯಾದ ಹೆಣ್ಣುಮಗಳು ಪಂಚಮಿಯ ದಿನ ಗಂಡನ ಊರಿನಲ್ಲಿರದೆ ಬೇರೆ ಊರಿನಲ್ಲಿ ಸತ್ತಿದ್ದರೆ ಆ ಊರು ಅವಳ ತವರು. ಅಣ್ಣನೋ ತಮ್ಮನೋ ಹೋಗಿ ಕರೆತಂದಿರುತ್ತಾನೆ. ಕೋರುವವರು: ತವರುಮನೆಯವರು.

ದೇವಿಕಾ ಅಲ್ಲಿಂದಲೇ ಯಾಸ್ಮಿನರಿಗೆ ಫೋನ್ ಮಾಡಿದರು. "ಹ್ವಾದ ವರ್ಷ ಅಣೆಕಟ್ಟಿನ ಸಂದೇಶ ಪರದಿ ಕಚೇರಿಗೆ ಎಷ್ಟಕ್ಕ ಹೋಗಿತ್ತು? ಸೈರನ್ ಎಷ್ಟಕ್ಕ ಕೂಗಿತ್ತು?"

ಐದು ನಿಮಿಷದ ನಂತರ ಉತ್ತರ ಬಂತು. "ಸಂದೇಶ 4:10ಕ್ಕ ರಿ ಮೇಡಮ್. ಸೈರನ್ 4:41ಕ್ಕ."

ಜುಲೈ 31, ಗುರುವಾರ, ಬೆಳಿಗ್ಗೆ 10:40, ಇಟಗಿ. ಗುರುಸಂಗಪ್ಪ ಹೆಸರುಕಾಳಿನ ಹೊಲದಲ್ಲಿ ಎಡೆ ಹೊಡೆದು ಕಳೆ ತೆಗೆದು ಆಗ ಮನೆಗೆ ಬಂದಿದ್ದ. ಪೊಲೀಸರನ್ನು ಕಂಡು ಕಟ್ಟೆಯ ಮೇಲೆ ಕಂಬಳಿ ಹಾಸಿದ. ಗೋಡೆಯ ಮೇಲಿನ ಫೋಟೊದಲ್ಲಿ ಅನ್ನಪೂರ್ಣೇಶ್ವರಿ ಯಾರನ್ನೋ ಕರೆಯುವಂತೆ ಬಾಯಿ ಅರ್ಧ ತೆರೆದು ನಕ್ಕಿದ್ದಳು.

"ನಿಮ್ಮ ಹೆಂಡತಿ ತವರು ಕೊಣ್ಣೂರೇನ್ರಿ?" ದೇವಿಕಾ ಕೇಳಿದರು.

"ಹೌದ್ರಿ. ಹೊಳಿ ಓಣಿ. ಅತ್ತಿ ನೀಲವ್ವ ಅಂತ, ಒಬ್ಬಾಕಿನ ಅದಾಳ."

ಬಾಗಿಲಿಗೆ ಕಟ್ಟಿದ ಬಿಳಿ ಕರು ದೇವಿಕಾಗೆ ನೆನಪಾಯಿತು. "ಅಣ್ಣ ತಮ್ಮ?"

"ಒಬ್ಬ ತಮ್ಮ. ಪ್ರಬುದ್ಧ."

"ನಿಮಗ ಏನಾಗಬೇಕು ಅವ?"

ಗುರುಸಂಗಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿದ. "ಈಗ ಏನೂ ಆಗಬೇಕಾಗಿಲ್ರಿ."

"ಇತ್ತೀಚಿಗೆ ಬಂದಿದ್ದನ?"

"ಪಂಚಮಿಗಿ ಮೊದಲ, ರೊಟ್ಟಿ ಹಬ್ಬದ ದಿನ ಬಂದಿದ್ದ. ಹೊಸ್ತಿಲ ಹೊರಗ ನಿಂತು, ಭಾವಾ, ಅಕ್ಕನ ಪಂಚಮಿಗಿ ಕರ್ಯಾಕ ಬಂದೀನಿ ಅಂದ. ತಲಿ ಕೆಟ್ಟೈತೇನ ನಿಂದು ಅಂತ ಬೈದೆ. ಒಂದು ಫೈಲ್ ಕಟ್ಟಿ ಮ್ಯಾಲ ಇಟ್ಟು ಹ್ವಾದ. ನಾ ಬಿಚ್ಚಿ ನೋಡಿಲ್ಲ."

ಗುರುಸಂಗಪ್ಪ ಒಳಗಿನಿಂದ ತಂದುಕೊಟ್ಟ ಫೈಲನ್ನು ಸುಭಾನಸಾಬ ಬಿಚ್ಚಿದರು. ಹನ್ನೊಂದು ಅರ್ಜಿಗಳ ನಕಲು. ಎಲ್ಲದರ ವಿಷಯ ಒಂದೇ: ನೆರೆ ಎಚ್ಚರಿಕೆಯ ಫೈಲ್ ಬಂದಾಗ ಪರದೆ ಉಳಿದ ಶುಭಾಶಯಗಳನ್ನು ನಡುವೆ ಕಡಿಯುವುದಿಲ್ಲ, ಸರದಿಯಲ್ಲಿ ಕಾಯಿಸುತ್ತದೆ, ಚಿತ್ರ ಬರುವವರೆಗೆ ಸೈರನ್ನೂ ಕಾಯುತ್ತದೆ, ಆದ್ದರಿಂದ ಪರೀಕ್ಷೆ ಮಾಡಿ ಸರಿಪಡಿಸಬೇಕು. ಹತ್ತಕ್ಕೆ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ. ಹನ್ನೊಂದನೆಯದಕ್ಕೆ ಏಜೆನ್ಸಿ 'ಸರಿಪಡಿಸಲಾಗಿದೆ' ಎಂದು ಬರೆದಿತ್ತು.

"ಅವ ಈಗ ಎಲ್ಲದಾನ್ರಿ?"

"ಗಜೇಂದ್ರಗಡದಾಗ, ಬೋರ್ಡ್, ಲೈಟು ರಿಪೇರಿ ಅಂಗಡ್ಯಾಗ," ಎಂದ ಗುರುಸಂಗಪ್ಪ. ಜೀಪು ಹತ್ತುವಾಗ ಹಿಂದಿನಿಂದ ಕೇಳಿದ, "ಏನ ಮಾಡ್ಯಾನ್ರಿ ಅವ?"

"ಸೈರನ್ ಕೂಗಿಸ್ಯಾನ," ಎಂದರು ಸುಭಾನಸಾಬ.

ಮಧ್ಯಾಹ್ನ 4:00, ಗಜೇಂದ್ರಗಡ. ಕೋಟೆಗುಡ್ಡದ ಕೆಳಗಿನ ರಸ್ತೆಯ ಸಣ್ಣ ಅಂಗಡಿ. ಒಳಗೆ ಇಪ್ಪತ್ತೇಳರ ತೆಳ್ಳನೆಯ ಯುವಕ ಬೋರ್ಡಿನ ದೀಪಗಳನ್ನು ಒಂದೊಂದಾಗಿ ಹತ್ತಿಸಿ ನೋಡುತ್ತಿದ್ದ. ಸಮವಸ್ತ್ರ ಕಂಡ ಕೂಡಲೇ ವೈರು ಕೆಳಗಿಟ್ಟು ಎದ್ದು ನಿಂತ. ಮೇಜಿನ ಕೆಳಗಿಂದ ಬಟ್ಟೆ ತುಂಬಿದ ಚೀಲ ಎಳೆದ. ಲಕೋಟೆಯಲ್ಲಿದ್ದ ಪೆನ್ ಡ್ರೈವ್ ತೆಗೆದು ಮೇಜಿನ ಮೇಲಿಟ್ಟ.

"ಎರಡ ದಿನ ಆತ್ರಿ ದಾರಿ ನೋಡಾಕತ್ತು," ಎಂದ.

"ಹೆಸರು?" ದೇವಿಕಾ ಕೇಳಿದರು.

"ಪ್ರಬುದ್ಧ. ಕೊಣ್ಣೂರು, ಹೊಳಿ ಓಣಿ."

"ಶುಭಾಶಯ ಕಳಿಸಿದವ ನೀನ?"

"ನಾನ ರಿ."

"ಯಾಕ?"

"ಕೇಸ್ ಆಗಲಿ ಅಂತ."

ಸುಭಾನಸಾಬ ತಲೆಯೆತ್ತಿ ನೋಡಿದರು. ಕೇಸ್ ಆಗಬಾರದೆಂದು ಕಾಲು ಹಿಡಿದವರನ್ನು ಅವರು ಸಾಕಷ್ಟು ನೋಡಿದ್ದರು.

"ಅರ್ಜಿಗೆ ಉತ್ತರ ಕೊಡಬಹುದು, ಬಿಡಬಹುದು," ಪ್ರಬುದ್ಧ ಮುಂದುವರಿಸಿದ. "ಎಫ್‌ಐಆರ್ ಆದ್ರ ಪಂಚನಾಮಿ ಆಗಬೇಕು. ಪಂಚನಾಮಿ ಆಗಬೇಕಂದ್ರ ಆ ಪೆಟಗಿ ತಗದು ನೋಡಬೇಕು. ಅದನ್ನ ಕೋರ್ಟಿನ್ಯಾಗ ಓದತಾರ. ನನ್ನ ಅರ್ಜಿ ಒಬ್ರೂ ಓದಿಲ್ರಿ."

"ದ್ಯಾಮಪ್ಪಜ್ಜನ ತೊಡಿ ಎಲುಬು ಮುರದೈತಿ. ಗೊತ್ತೈತೇನು?"

ಅವನ ಮುಖ ಬಿಳಿಚಿತು. "ಇಲ್ರಿ."

"ನಾಡದು ಖರೇ ನೀರು ಬಂದಾಗ, ಮೊನ್ನಿನಂಗ ಇದೂ ಸುಳ್ಳು ಅಂತ ಮಂದಿ ಮನ್ಯಾಗ ಕುಂತ್ರ? ನಿಮ್ಮವ್ವ ಕುಂತ್ರ?"

ಹನ್ನೊಂದು ತಿಂಗಳು ಅರ್ಜಿ ಬರೆದು ಬರೆದು ಪ್ರಬುದ್ಧನಿಗೆ ಒಂದೇ ದಾರಿ ಕಂಡಿತ್ತು, ಅದರ ಪಕ್ಕದ ಗುಂಡಿ ಕಂಡಿರಲಿಲ್ಲ. ದೇವಿಕಾಗೆ ಸಿಟ್ಟು ಬಂದಿತ್ತು. ಸಿಟ್ಟಿನ ಕೆಳಗೆ ಬೇರೆ ಏನೋ ಇತ್ತು, ಅದನ್ನು ಸದ್ಯಕ್ಕೆ ಬದಿಗಿಟ್ಟರು.

"ನೀ ನೆಪ್ಪಿಟ್ಟದ್ದು ಪಂಚಮಿ. ನೆಪ್ಪಿಟ್ಟದ್ದು 4:10. ಆವತ್ತ ಏನಾತು ಹೇಳು."

"ಅಕ್ಕ ಬರೂದಿಲ್ಲ ಅಂದಿದ್ಲ್ರಿ. ಭಾವನೂ ಬ್ಯಾಡ ಅಂದಿದ್ದ, ಮ್ಯಾಲ ಮಳಿ ಭಾಳ ಐತಿ, ಹೊಳಿ ಯಾವಾಗರೆ ಬಂದೀತು ಅಂತ. ನಾನ ಹಟ ಹಿಡದೆ. ಸೈರನ್ ನನ್ನ ಕೈಲೆ ಹಚ್ಚೀನಿ, ನೀರು ಬರೂಕಿಂತ ಅರ್ಧ ತಾಸು ಮೊದಲ ಕೂಗತೈತಿ, ಹೆದರಬ್ಯಾಡ ಬಾ ಅಂದೆ." ಪ್ರಬುದ್ಧ ದೀಪದ ಬೋರ್ಡಿನ ಮೇಲೆ ಕೈಯಿಟ್ಟ. "ನನ್ನ ಮಾತು ನಂಬಿ ಬಂದ್ಲ್ರಿ. ಅವ್ವನ ಮಾಳಿಗಿ ಹತ್ತಿಸಿ ಕರ ಬಿಚ್ಚಾಕ ಕೊಟ್ಟಿಗಿಗೆ ಹ್ವಾದ್ಲು. ಸೈರನ್ ಕೂಗೂದರಾಗ ಕೊಟ್ಟಿಗಿ ಇರಲಿಲ್ಲ."

ಸುಭಾನಸಾಬ ದಸ್ತಗಿರಿ ಪತ್ರ ಬರೆದು ಮುಗಿಸಿದರು. ಎಂದಿನ ದುಂಡಗಿನ ಅಕ್ಷರ ಆ ಹಾಳೆಯಲ್ಲಿ ಸ್ವಲ್ಪ ಸೊಟ್ಟಗಾಗಿತ್ತು. ದಸ್ತಗಿರಿಯ ಸಮಯ 4:25. ದಾರಿಯಲ್ಲಿ ರೋಣದ ಬಳಿ ಚಹಾಕ್ಕೆ ನಿಲ್ಲಿಸಿದಾಗ ಅವರೇ ಒಂದು ಕಪ್ಪು ಪ್ರಬುದ್ಧನ ಕೈಗೆ ಕೊಟ್ಟರು.

ಆಗಸ್ಟ್ 1, ಶುಕ್ರವಾರ, ಬೆಳಿಗ್ಗೆ 11:00, ಕೊಣ್ಣೂರು. ಪರೀಕ್ಷಾ ಪಂಚನಾಮೆ. ಹಾಜರಿದ್ದವರು ಯಾಸ್ಮಿನ, ಗುರುಪಾದ, ಆರೋಪಿ ಪ್ರಬುದ್ಧ ಮತ್ತು ಇಬ್ಬರು ಪಂಚರು. ಮಂದಿ ಮತ್ತೆ ಓಡಬಾರದೆಂದು ಸೈರನ್ನಿನ ತಂತಿ ತೆಗೆದು ಅಲ್ಲಿ ಒಂದು ಬಲ್ಬು ಜೋಡಿಸಲಾಗಿತ್ತು. ಪರದೆಯಲ್ಲಿ ಶ್ರಾವಣದ ಶುಭಾಶಯಗಳು ಓಡುತ್ತಿದ್ದವು. ಮುಖದ ಹಿಂದೆ ಮುಖ.

"ನೆರಿ ಫೈಲ್ ಕಳಸು," ದೇವಿಕಾ ಗುರುಪಾದನಿಗೆ ಹೇಳಿದರು.

ಫೈಲ್ ಹೋದ ಸಮಯ 11:05. ಬಲ್ಬು ಹತ್ತಲಿಲ್ಲ. 11:10. ಪರದೆಯಲ್ಲಿ ಯಾರೋ ಕೈಮುಗಿದು ನಗುತ್ತಿದ್ದರು. 11:20ಕ್ಕೆ ಪಂಚರಲ್ಲೊಬ್ಬ, ಹೊಳಿ ಓಣಿಯವನೇ, ಗಡಿಯಾರ ನೋಡುವುದನ್ನು ಬಿಟ್ಟು ಗುರುಪಾದನ ಮುಖ ನೋಡತೊಡಗಿದ. 11:33ಕ್ಕೆ ಕೆಂಪು ಚಿತ್ರ ಪರದೆಗೆ ಬಂತು. ಬಲ್ಬು ಹತ್ತಿತು.

"ಇಪ್ಪತ್ತೆಂಟು ನಿಮಿಷ," ಎಂದರು ಸುಭಾನಸಾಬ, ಬರೆಯುತ್ತಲೇ.

"ಸರಿಪಡಿಸೀವಿ ಅಂತ ಬರಕೊಟ್ಟೀರಲ್ಲ?" ದೇವಿಕಾ ಕೇಳಿದರು.

ಗುರುಪಾದ ಅಳುವಂತಾಗಿದ್ದ. "ಹಿರ್ಯಾರ ಶುಭಾಶಯಕ್ಕ ಗಂಟಿ, ನಿಮಿಷ ಬರಕೊಟ್ಟಿರತೀವ್ರಿ. ನಡುವ ಕಡದ್ರ ನಮ್ಮ ಮಾರಿ ಯಾಕ ಕಡದ್ರಿ ಅಂತ ಫೋನ್ ಬರತಾವು. ನೆರಿ ಫೈಲಿಗೆ ಯಾರೂ ಗಂಟಿ ಹೇಳಿಲ್ಲ. ಅದಕ್ಕ ಸರದಿಗೆ ಹ್ವಾಗತೈತಿ. ನಮ್ಮ ಸಾಹೇಬ್ರು ಹಂಗ ಇಡು ಅಂದ್ರು."

"ಮುಂದ ತರಾಕ ಎಷ್ಟ ಹೊತ್ತ ಬೇಕು?"

"ಹತ್ತ ನಿಮಿಷದ ಕೆಲಸ ರಿ."

ಪ್ರಬುದ್ಧ ಹೊಳೆಯ ಕಡೆ ತಿರುಗಿ ನಿಂತ. ಒಂದು ವರ್ಷ, ಹನ್ನೊಂದು ಅರ್ಜಿ, ಹತ್ತು ನಿಮಿಷದ ಕೆಲಸ. ದೇವಿಕಾ ಗುರುಪಾದನ ಮಾತನ್ನು ಅಕ್ಷರ ಬಿಡದೆ ಪಂಚನಾಮೆಗೆ ಬರೆಸಿದರು. ಏಜೆನ್ಸಿಯ ಮಾಲೀಕನಿಗೆ ನೋಟಿಸ್ ಬರೆದರು. ಮಧ್ಯಾಹ್ನ 12:40ಕ್ಕೆ, ನೆರೆ ಫೈಲ್ ಬಂದ ಕ್ಷಣಕ್ಕೆ ಎಲ್ಲವನ್ನೂ ಕಡಿದು ಮುಂದೆ ಬರುವಂತೆ ಗುರುಪಾದ ಬದಲಿಸಿದ. ಬಲ್ಬು ಇಟ್ಟು ಮೂರು ಸಲ ನೋಡಿ, ತಂತಿಯನ್ನು ಸೈರನ್ನಿಗೆ ಮರಳಿ ಜೋಡಿಸಿದರು. ಪಂಚನಾಗಿದ್ದ ಹೊಳಿ ಓಣಿಯವನನ್ನೇ ಕರೆದುಕೊಂಡು ಯಾಸ್ಮಿನ ಮನೆಮನೆಗೆ ಹೋದರು. ಮೊನ್ನೆ ಏನಾಯಿತು, ಇಂದು ಏನಾಯಿತು ಎಂದು ಅವನು ಹೇಳಿದ್ದನ್ನು ಜನ ನಿಂತು ಕೇಳಿದರು.

ಮಧ್ಯಾಹ್ನ 3:05, ನರಗುಂದ ಠಾಣೆ. ಜಾಮೀನು ಸಿಗುವ ಅಪರಾಧವಾದ್ದರಿಂದ ಒಬ್ಬ ಜಾಮೀನುದಾರ ಬಂದರೆ ಪ್ರಬುದ್ಧನನ್ನು ಬಿಡಬಹುದಿತ್ತು. ಯಾರಿಗೆ ಹೇಳಿ ಕಳಿಸಲಿ ಎಂದು ಕೇಳಿದರೆ ಅವನು ಯಾರ ಹೆಸರನ್ನೂ ಹೇಳಿರಲಿಲ್ಲ. ಆದರೆ ಬಾಗಿಲಲ್ಲಿ ಗುರುಸಂಗಪ್ಪ ನಿಂತಿದ್ದ. ಹೊಲದ ಪಹಣಿ ಕಿಸೆಯಲ್ಲಿ ಮಡಚಿಟ್ಟುಕೊಂಡು ಇಟಗಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದ.

"ಆ ಫೈಲ್ ನಾ ಅವತ್ತ ಬಿಚ್ಚಬೇಕಿತ್ತ್ರಿ," ಎಂದಷ್ಟೇ ಹೇಳಿದ.

ಸುಭಾನಸಾಬ ಮುಚ್ಚಳಿಕೆ ಮುಂದಿಟ್ಟರು. ಆರೋಪಿಗೂ ಜಾಮೀನುದಾರನಿಗೂ ಇರುವ ಸಂಬಂಧ ಎಂಬ ಕಡೆ ಗುರುಸಂಗಪ್ಪನ ಪೆನ್ನು ನಿಂತಿತು. ಆಮೇಲೆ 'ಹೆಂಡತಿಯ ತಮ್ಮ' ಎಂದು ಬರೆದು ಸಹಿ ಮಾಡಿದ. ಬೆಂಚಿನ ಮೇಲೆ ಕುಳಿತಿದ್ದ ಪ್ರಬುದ್ಧ ತಲೆ ತಗ್ಗಿಸಿದ್ದವನು ತಗ್ಗಿಸಿಕೊಂಡೇ ಇದ್ದ.

3:50ಕ್ಕೆ ದೇವಿಕಾ ಅವರ ಫೋನ್ ಹೊಡೆದುಕೊಂಡಿತು. ಯಾಸ್ಮಿನ ಏದುಸಿರು ಬಿಡುತ್ತಿದ್ದರು. ಅಣೆಕಟ್ಟಿನಿಂದ ಅಂದುಕೊಂಡಿದ್ದಕ್ಕಿಂತ ಒಂದು ದಿನ ಮೊದಲೇ ನೀರು ಬಿಟ್ಟಿದ್ದರು. ದೇವಿಕಾ ಫೋನನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳುವಂತೆ ಮಾಡಿದರು.

"ಸಂದೇಶ ಎಷ್ಟಕ್ಕ ಬಂತ್ರಿ?" ಬೆಂಚಿನಿಂದ ಎದ್ದು ಕೇಳಿದವನು ಪ್ರಬುದ್ಧ.

"3:20ಕ್ಕ," ಎಂದಿತು ಯಾಸ್ಮಿನರ ದನಿ.

"ಸೈರನ್?"

"3:20ಕ್ಕ. ಓಣಿ ಪೂರಾ ಸಾಲಿ ದಿಬ್ಬಕ್ಕ ಬಂದೈತಿ, ಒಬ್ರೂ ಉಳದಿಲ್ಲ. ನೀರು ಈಗ ಬರಾಕತ್ತೈತಿ."

"ಅವ್ವ?"

"ಇಲ್ಲೇ ಕುಂತಾಳ ನೋಡು. ಕರಾನೂ ಹೊಡಕೊಂಡ ಬಂದಾಳ. ಅದರ ಹಗ್ಗಾ ಬಿಚ್ಚಿ, ಹುಲ್ಲಿನ ಸಿವುಡು ಸುದ್ದಾ ಕಟಗೊಂಡು ಬಂದಾಳ. ಯಾಳೆ ಇತ್ತಲ್ಲ, ಅರ್ಧ ತಾಸು."

ಪ್ರಬುದ್ಧ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಬಂದಾಗಿನಿಂದ ಅವನು ಅತ್ತಿರಲಿಲ್ಲ. ಗುರುಸಂಗಪ್ಪ ಹತ್ತಿರ ಹೋಗಿ ಅವನ ಬಟ್ಟೆಯ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡ.

"ನಡಿ, ದಿಬ್ಬಕ್ಕ ಹೋಗೂಣು. ಅತ್ತಿಗೆ ಉಣ್ಣಾಕ ಏನರೆ ಒಯ್ಯೂಣು," ಎಂದ.

ದೇವಿಕಾ ಉಂಡಿಯ ಡಬ್ಬಿಯನ್ನು ಮುಚ್ಚಳ ಸಮೇತ ಗುರುಸಂಗಪ್ಪನ ಕೈಗೆ ಕೊಟ್ಟರು. ಅವರು ಹೋದ ಮೇಲೆ ಕೇಸ್ ಡೈರಿ ತೆರೆದರು. ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ, ದೋಷಾರೋಪ ಪಟ್ಟಿ ಅವನ ಮೇಲೂ ಏಜೆನ್ಸಿಯ ಮಾಲೀಕನ ಮೇಲೂ ಸಲ್ಲಿಸಲಾಗುವುದು ಎಂದು ಬರೆದರು. ಕೃತ್ಯದ ಉದ್ದೇಶ ಎಂಬ ಕಾಲಮಿನಲ್ಲಿ ಹೀಗೆ ತುಂಬಿದರು: ಆರೋಪಿಯು ತನ್ನ ಅಕ್ಕನಿಗೆ ಅರ್ಧ ಗಂಟೆಯ ಮಾತು ಕೊಟ್ಟಿದ್ದನು.